ನಿಮಗಿದು ಗೊತ್ತೇ? ಹಳೆಯ ಚಿತ್ರಗಳ ಖಜಾನೆಗೆ ಬೀಗವಿಲ್ಲ

ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಊರಿನ ಇತಿಹಾಸದ ಪುಟ್ಟ ಪುಸ್ತಕ, ಯೂಟ್ಯೂಬಿಗೊಂದು ವಿಡಿಯೊ. ಯಾವುದಕ್ಕಾದರೂ ಹಳೆಯ ಫೋಟೊ ಬೇಕೆಂದರೆ ನಾವು ಮೊದಲು ತಡಕುವುದು ವಾಟ್ಸ್‌ಆ್ಯಪ್ ಗುಂಪನ್ನು. ಸಿಗುವುದು ಮಸುಕು ಪ್ರತಿ. ಮೇಲೆ ಯಾರದೋ ಮುದ್ರೆ, ಕೆಳಗೆ ಯಾರೋ ಕಟ್ಟಿದ ಕಥೆ. ಅದೇ ಚಿತ್ರದ ಅಸಲು ಯಾವುದೋ ಗ್ರಂಥಾಲಯದ ಜಾಲತಾಣದಲ್ಲಿ ದೊಡ್ಡ ಗಾತ್ರದಲ್ಲಿ, ಊರು-ವರ್ಷದ ವಿವರದ ಸಮೇತ, ಪುಕ್ಕಟೆಯಾಗಿ ಸಿಗುತ್ತಿರುತ್ತದೆ. ಅದು ಎಲ್ಲಿದೆ, ಹೇಗೆ ಹುಡುಕಬೇಕು, ಸಿಕ್ಕಿದ್ದನ್ನು ಎಷ್ಟು ಬಳಸಬಹುದು? ಒಂದೊಂದಾಗಿ ನೋಡಿ.

ಬಾಗಿಲು ತೆರೆದವರು

1. ಫೋಟೊ ತೆಗೆಯುವ ವಿದ್ಯೆಯೇ ಪುಕ್ಕಟೆಯಾಗಿ ಬಂದದ್ದು. ಫ್ರಾನ್ಸ್ ಸರ್ಕಾರ ಡಾಗೆರ್‌ಗೆ ವರ್ಷಕ್ಕೆ 6,000 ಫ್ರಾಂಕ್ ಪಿಂಚಣಿ ಕೊಟ್ಟು ಅವನ ವಿಧಾನವನ್ನು ಕೊಂಡು, 1839ರ ಆಗಸ್ಟ್ 19ರಂದು ಲೋಕಕ್ಕೆಲ್ಲ ಬಿಟ್ಟುಕೊಟ್ಟಿತು. ವಿಶ್ವ ಛಾಯಾಗ್ರಹಣ ದಿನ ಆಚರಿಸುವುದು ಅದೇ ದಿನ. ಇಂಗ್ಲೆಂಡಿಗೆ ಮಾತ್ರ ಈ ಭಾಗ್ಯ ಇರಲಿಲ್ಲ. ಐದು ದಿನ ಮೊದಲೇ ಅಲ್ಲಿ ಪೇಟೆಂಟ್ ಪಡೆದಾಗಿತ್ತು.

2. ಸಂಸ್ಥೆಗಳು ಹಳೆಯ ಫೋಟೊಗಳನ್ನು ಜನರ ಮುಂದೆ ಸುರಿಯುವ ಚಾಳಿಗೆ ಬಲ ಬಂದದ್ದು 2008ರ ಜನವರಿಯಲ್ಲಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸುಮಾರು 3,000 ಚಿತ್ರಗಳನ್ನು ಫ್ಲಿಕರ್‌ಗೆ ಹಾಕಿ, ಇವುಗಳಲ್ಲಿ ಇರುವವರು ಯಾರೆಂದು ಗೊತ್ತಿದ್ದರೆ ತಿಳಿಸಿ ಎಂದು ಜನರನ್ನೇ ಕೇಳಿತು. ‘ಫ್ಲಿಕರ್ ಕಾಮನ್ಸ್’ ಹುಟ್ಟಿದ್ದು ಹೀಗೆ.

3. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ಉದಾರಿಯಾದದ್ದಕ್ಕೆ ಒಂದು ತಮಾಷೆಯ ಕಾರಣವಿದೆ. ಫರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರದ ಹತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಇಂಟರ್‌ನೆಟ್ಟಿನಲ್ಲಿದ್ದವು. ಬಹಳಷ್ಟು ಹಳದಿಗಟ್ಟಿದವು. ಜನ ಮ್ಯೂಸಿಯಂಗೆ ಬಂದು ಅಂಗಡಿಯಲ್ಲಿದ್ದ ಸರಿಯಾದ ಬಣ್ಣದ ಪೋಸ್ಟ್‌ಕಾರ್ಡನ್ನೇ ನಂಬಲಿಲ್ಲ! ಕೆಟ್ಟ ಪ್ರತಿಯನ್ನು ಓಡಿಸಲು ಒಳ್ಳೆಯ ಪ್ರತಿಯನ್ನು ಹಂಚುವುದೇ ದಾರಿ ಎಂದು ಅವರಿಗೆ ಮನವರಿಕೆಯಾಯಿತು. 2012ರಲ್ಲಿ 1,25,000 ಚಿತ್ರಗಳೊಂದಿಗೆ ‘ರೈಕ್ಸ್ ಸ್ಟುಡಿಯೊ’ ಶುರುವಾಯಿತು.

4. ಅದೇ ಮ್ಯೂಸಿಯಂನಲ್ಲಿರುವ ರೆಂಬ್ರಾಂಟ್‌ನ ‘ನೈಟ್ ವಾಚ್’ (1642) ಚಿತ್ರದ ಫೋಟೊ 717 ಗಿಗಾಪಿಕ್ಸೆಲ್‌ನದು, ಅಂದರೆ 71,700 ಕೋಟಿ ಚುಕ್ಕೆಗಳು. 8,439 ಬಿಡಿ ಫೋಟೊಗಳನ್ನು ಜೋಡಿಸಿ 2022ರಲ್ಲಿ ಪ್ರಕಟಿಸಿದರು. ಜಾಲತಾಣದಲ್ಲಿ ಹಿಗ್ಗಿಸುತ್ತ ಹೋದರೆ ಮುಖಗಳು ಮಾಯವಾಗಿ ಬಣ್ಣದ ಬಿರುಕುಗಳು, ಕಣಗಳು ಕಾಣುತ್ತವೆ. ಮ್ಯೂಸಿಯಂಗೇ ಹೋದರೂ ಇಷ್ಟು ಹತ್ತಿರ ಯಾರೂ ಬಿಡುವುದಿಲ್ಲ.

5. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ, ಅಂದರೆ ‘ಮೆಟ್’, 2017ರ ಫೆಬ್ರುವರಿಯಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು. ಪುಸ್ತಕದ ಮುಖಪುಟಕ್ಕೆ ಹಾಕಿ, ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ ಮಾರಿ, ಕೇಳುವವರಿಲ್ಲ.

6. ಸ್ಮಿತ್‌ಸೋನಿಯನ್ ಸಂಸ್ಥೆ 2020ರ ಫೆಬ್ರುವರಿಯಲ್ಲಿ ಒಂದೇ ಏಟಿಗೆ 28 ಲಕ್ಷ ಚಿತ್ರಗಳನ್ನು ತೆರೆದಿಟ್ಟಿತು. ಅದರಲ್ಲಿ ತ್ರೀಡಿ ಮಾದರಿಗಳೂ ಇವೆ. ಚಂದ್ರಯಾನಿಗಳನ್ನು ಭೂಮಿಗೆ ಮರಳಿ ತಂದ ಅಪೊಲೊ 11ರ ಕೋಶವನ್ನು ನಿಮ್ಮ ಫೋನಿನಲ್ಲೇ ತಿರುಗಿಸಿ ಒಳಗೂ ಹೊರಗೂ ನೋಡಬಹುದು.

7. ಬ್ರಿಟಿಷ್ ಲೈಬ್ರರಿ 2013ರ ಡಿಸೆಂಬರಿನಲ್ಲಿ ಫ್ಲಿಕರ್‌ಗೆ ಹಾಕಿದ್ದು ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳು. ಎಲ್ಲವೂ 17ರಿಂದ 19ನೇ ಶತಮಾನದ ಪುಸ್ತಕಗಳ ಪುಟಗಳಿಂದ ತೆಗೆದ ನಕ್ಷೆ, ರೇಖಾಚಿತ್ರ, ಅಲಂಕಾರದ ಅಕ್ಷರಗಳು. ಮದುವೆಯ ಕರೆಯೋಲೆಗೊಂದು ಬಳ್ಳಿಯ ಅಂಚು ಬೇಕೆನ್ನುವವರಿಗೂ ಇಲ್ಲಿ ಊಟವಿದೆ.

8. ಯುರೋಪಿನ ಗ್ರಂಥಾಲಯ, ಮ್ಯೂಸಿಯಂಗಳನ್ನೆಲ್ಲ ಒಂದೆಡೆ ಹುಡುಕಲು ಅನುವು ಮಾಡಿದ ‘ಯುರೋಪಿಯಾನಾ’ 2008ರ ನವೆಂಬರ್ 20ರಂದು ಉದ್ಘಾಟನೆಯಾಯಿತು. ಅದೇ ದಿನ ಮಲಗಿತು. ಗಂಟೆಗೆ ಸುಮಾರು ಒಂದು ಕೋಟಿ ಕ್ಲಿಕ್ಕುಗಳ ಹೊಡೆತಕ್ಕೆ ಸರ್ವರ್ ಕುಸಿದು, ವಾರಗಟ್ಟಲೆ ಮುಚ್ಚಬೇಕಾಯಿತು. ಹಳೆಯದನ್ನು ಯಾರು ನೋಡುತ್ತಾರೆ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಡ.

9. ‘ಗೆಟ್ಟಿ’ಗಳು ಎರಡು. ಲಾಸ್ ಏಂಜಲಿಸ್‌ನ ಗೆಟ್ಟಿ ಮ್ಯೂಸಿಯಂ 2013ರಿಂದ ತನ್ನ ಚಿತ್ರಗಳನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಪತ್ರಿಕೆಗಳ ಫೋಟೊ ಕೆಳಗೆ ಕಾಣುವ ಗೆಟ್ಟಿ ಇಮೇಜಸ್ ಚಿತ್ರ ಮಾರುವ ಕಂಪನಿ. ಒಂದೇ ಮನೆತನದ ಹೆಸರು, ವ್ಯವಹಾರ ಮಾತ್ರ ತದ್ವಿರುದ್ಧ.

ನಮ್ಮ ನಾಡು, ಪರದೇಶದ ಕಪಾಟು

10. ಬೇಲೂರು, ಹಳೇಬೀಡುಗಳನ್ನು ಕ್ಯಾಮೆರಾ ಕಂಡದ್ದು 170 ವರ್ಷಗಳ ಹಿಂದೆ. 1854ರ ಡಿಸೆಂಬರಿನಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಲಿನೀಯಸ್ ಟ್ರೈಪ್, ವೈದ್ಯ ಆ್ಯಂಡ್ರ್ಯೂ ನೀಲ್ ಜೊತೆ ಬಂದು ದೇವಸ್ಥಾನಗಳ ಚಿತ್ರ ತೆಗೆದ. ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ 68 ಚಿತ್ರಗಳನ್ನು ಇಟ್ಟಾಗ ತೀರ್ಪುಗಾರರು ತಲೆದೂಗಿದರು. ಟ್ರೈಪ್‌ನ ಚಿತ್ರಗಳು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ ಸೇರಿದಂತೆ ಹಲವೆಡೆ ಇವೆ.

11. ಹಂಪಿಯ ಸರದಿ 1856ರಲ್ಲಿ ಬಂತು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಾಳು ಪಟ್ಟಣವನ್ನು ಸೆರೆಹಿಡಿದ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಅದೇ ಕೋನದಲ್ಲಿ ಮತ್ತೆ ಕ್ಲಿಕ್ಕಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಕಂಬ ಬಿತ್ತು, ಯಾವ ಗೋಪುರಕ್ಕೆ ದುರಸ್ತಿ ನಡೆಯಿತು ಎಂಬ ಲೆಕ್ಕ ಕಣ್ಣಿಗೇ ಸಿಗುತ್ತದೆ.

12. ಅಸಲಿ ಫೋಟೊಗಳನ್ನು ಅಂಟಿಸಿ ಮಾಡಿದ ಪುಸ್ತಕವೊಂದು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ 1866ರಲ್ಲೇ ಲಂಡನ್ನಿನಲ್ಲಿ ಪ್ರಕಟವಾಗಿತ್ತು. ಚಿತ್ರಗಳು ಬಿಗ್ಸ್, ಪಿಗೂ ಮತ್ತು ನೀಲ್ ಅವರವು. ಬರಹ ಮೆಡೋಸ್ ಟೇಲರ್ ಮತ್ತು ಫರ್ಗ್ಯೂಸನ್ ಅವರದು. ಇವರ್ಯಾರ ಹಕ್ಕುಸ್ವಾಮ್ಯವೂ ಈಗ ಉಳಿದಿಲ್ಲ. ಅದೇ ವರ್ಷ ಬಿಜಾಪುರದ ಬಗ್ಗೆಯೂ ಒಂದು ಜೋಡಿ ಪುಸ್ತಕ ಬಂತು.

13. ಬಿಜಾಪುರದ ಸುಲ್ತಾನರೆಲ್ಲ ಒಟ್ಟಿಗೆ ಕೂತ ‘ಗ್ರೂಪ್ ಫೋಟೊ’ ಇದೆ ಎಂದರೆ ನಂಬುತ್ತೀರಾ? ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಎಂಬ ಕಲಾವಿದರು ಬರೆದ ಈ ಚಿತ್ರ ಮೆಟ್‌ನಲ್ಲಿದೆ. ತಲೆಮಾರುಗಳ ಅಂತರ ಮರೆತು ಆದಿಲ್‌ಶಾಹಿ ದೊರೆಗಳು ಒಂದೇ ಕಡೆ ಆಸೀನರಾಗಿದ್ದಾರೆ. ವಂಶದ ಮೂಲಪುರುಷ ಯೂಸುಫನಿಗೆ ಇರಾನಿನ ಷಾ ಇಸ್ಮಾಯಿಲ್ ಅಧಿಕಾರದ ಬೀಗದ ಕೈ ಕೊಡುತ್ತಿದ್ದಾನೆ. ಇನ್ನೊಂದು ಕಡೆ, ನಾಲ್ಕನೇ ವಯಸ್ಸಿಗೇ ಪಟ್ಟಕ್ಕೆ ಬಂದ ಕೊನೆಯ ದೊರೆ ಸಿಕಂದರ್, ಇನ್ನೂ ಹುಡುಗ. ಚಿತ್ರ ಮುಗಿದು ಹೆಚ್ಚು ಕಾಲ ಆಗಿರಲಿಲ್ಲ; 1686ರಲ್ಲಿ ಔರಂಗಜೇಬ್ ಬಿಜಾಪುರವನ್ನು ಗೆದ್ದುಕೊಂಡ. ಚಿತ್ರವನ್ನು ದೊಡ್ಡ ಗಾತ್ರದಲ್ಲಿ ಇಳಿಸಿಕೊಂಡು ಒಂದೊಂದು ಮುಖವನ್ನೂ ಹಿಗ್ಗಿಸಿ ನೋಡಿ. ಶಾಲೆಯ ಪಠ್ಯಪುಸ್ತಕಕ್ಕೂ ಹಾಕಬಹುದು, ಪರವಾನಗಿ ಬೇಕಿಲ್ಲ.

14. ಮಂಗಳೂರು, ಧಾರವಾಡ, ಕೊಡಗಿನ ನೂರಾರು ಹಳೆಯ ಚಿತ್ರಗಳು ಇರುವುದು ಸ್ವಿಟ್ಜರ್‌ಲೆಂಡಿನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನ ಹಂಚಿನ ಕಾರ್ಖಾನೆ, ಮಗ್ಗ, ಶಾಲೆ, ಮುದ್ರಣಾಲಯಗಳ ಚಿತ್ರಗಳನ್ನು ಜೋಪಾನವಾಗಿ ಊರಿಗೆ ಕಳಿಸಿತ್ತು. ‘ಬಿಎಂ ಆರ್ಕೈವ್ಸ್’ ಜಾಲತಾಣದಲ್ಲಿ ನೋಡಬಹುದು. ಅಚ್ಚು ಹಾಕುವ ಮುನ್ನ ಅವರ ಷರತ್ತು ಓದಿಕೊಳ್ಳಿ.

15. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಯುದ್ಧವಿಮಾನಗಳನ್ನು ರಿಪೇರಿ ಮಾಡುತ್ತಿತ್ತು. ಅಮೆರಿಕದ ಸೇನಾ ಛಾಯಾಗ್ರಾಹಕರು ಕರ್ತವ್ಯದ ಮೇಲೆ ತೆಗೆದ ಚಿತ್ರಗಳಿಗೆ ಹಕ್ಕುಸ್ವಾಮ್ಯವಿಲ್ಲ. ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ‘ಚೀನಾ-ಬರ್ಮಾ-ಇಂಡಿಯಾ’ ರಣರಂಗದ ಹೆಸರಿನಡಿ ಹುಡುಕಿ.

16. ಎಲ್ಲವೂ ಪರದೇಶದಲ್ಲೇ ಇಲ್ಲ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಶಿಲಾಶಾಸನಗಳನ್ನು ತ್ರೀಡಿಯಲ್ಲಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಿದೆ. ಬಿಸಿಲಿನಲ್ಲಿ ಕಲ್ಲಿನ ಮುಂದೆ ಕೂತರೂ ಕಾಣದ ಸವೆದ ಅಕ್ಷರ, ತೆರೆಯ ಮೇಲೆ ಬೆಳಕನ್ನು ಓರೆಯಾಗಿ ಬೀಳಿಸಿದಾಗ ಎದ್ದು ನಿಲ್ಲುತ್ತದೆ.

17. ಬೆಂಗಳೂರಿನದೇ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಕನ್ನಡದ ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಸೇರಿಸುತ್ತಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳೂ ಅದೇ ತಾಣದಲ್ಲಿ ಸಿಗುತ್ತವೆ, ಶಾಸನಗಳ ಚಿತ್ರಫಲಕಗಳ ಸಮೇತ.

18. ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರ ಚಿತ್ರವನ್ನು ಪಾಠಕ್ಕೆ, ಸ್ವಂತ ಓದಿಗೆ ಬಳಸಲು ಅವರ ಅಡ್ಡಿಯಿಲ್ಲ. ಕ್ಯಾಲೆಂಡರ್ ಮಾಡಿ ಮಾರಲು ಹೊರಟರೆ ಮಾತ್ರ ಪರವಾನಗಿ ಬೇಕು. ಮೆಟ್‌ನ ಧಾರಾಳ ಎಲ್ಲ ಮ್ಯೂಸಿಯಂಗಳಲ್ಲೂ ಇಲ್ಲ.

ಬಣ್ಣ, ಬವಣೆ, ಬಾಹ್ಯಾಕಾಶ

19. ಟಾಲ್‌ಸ್ಟಾಯ್‌ನ ಕಲರ್ ಫೋಟೊ ಇದೆ. 1908ರಲ್ಲಿ ತೆಗೆದದ್ದು, ಆಮೇಲೆ ಬಣ್ಣ ಬಳಿದದ್ದಲ್ಲ. ತೆಗೆದವರು ರಷ್ಯಾದ ಪ್ರೊಕುಡಿನ್-ಗೋರ್ಸ್ಕಿ. ಉದ್ದನೆಯ ಗಾಜಿನ ತಟ್ಟೆಯೊಂದರ ಮೇಲೆ ಒಂದರ ಕೆಳಗೊಂದು ಮೂರು ಕಪ್ಪು-ಬಿಳುಪು ಚಿತ್ರ: ನೀಲಿ, ಹಸಿರು, ಕೆಂಪು ಗಾಜುಗಳ ಮೂಲಕ ಒಂದೊಂದು. ಮೂರನ್ನೂ ಅದದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿದರೆ ಪೂರ್ತಿ ಬಣ್ಣ. ಮೂರು ಸಲ ಕ್ಲಿಕ್ಕಿಸುವಷ್ಟರಲ್ಲಿ ಯಾರಾದರೂ ಅಲುಗಾಡಿದರೆ ಕೆಟ್ಟಿತು. ಅದಕ್ಕೇ ಅವರ ಚಿತ್ರಗಳಲ್ಲಿ ಹರಿಯುವ ನೀರಿನ ಮೇಲೆ, ಸುಮ್ಮನೆ ನಿಲ್ಲದ ಮಕ್ಕಳ ಸುತ್ತ ಕೆಂಪು, ಹಸಿರಿನ ಅಂಚು ಕಾಣುತ್ತದೆ.

20. ಆ 1,900ಕ್ಕೂ ಹೆಚ್ಚು ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ 1948ರಲ್ಲಿ ಅವರ ವಾರಸುದಾರರಿಂದ ಕೊಂಡಿತು. ಬಣ್ಣ ಸೇರಿಸಿದ ಪ್ರತಿಯಷ್ಟೇ ಅಲ್ಲ, ಮೂಲ ತಟ್ಟೆಯ ಸ್ಕ್ಯಾನ್ ಕೂಡ ಪುಕ್ಕಟೆ. ಫೋಟೊಶಾಪ್ ಬಲ್ಲ ವಿದ್ಯಾರ್ಥಿ ಮನೆಯಲ್ಲೇ ಮೂರನ್ನೂ ಹೊಂದಿಸಿ ನೂರು ವರ್ಷ ಹಿಂದಿನ ಬಣ್ಣವನ್ನು ಎಬ್ಬಿಸಬಹುದು.

21. 1936ರಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ, ಗಲ್ಲಕ್ಕೆ ಕೈಯಿಟ್ಟು ಕೂತ ವಲಸೆ ತಾಯಿಯ ಚಿತ್ರ ಅಮೆರಿಕದ ಮಹಾ ಆರ್ಥಿಕ ಕುಸಿತದ ಗುರುತೇ ಆಗಿದೆ. ಲ್ಯಾಂಗ್ ಆಗ ಸರ್ಕಾರದ ಸಂಬಳದಲ್ಲಿದ್ದರು. ಹೀಗಾಗಿ ಆ ಚಿತ್ರದ ಹಕ್ಕು ಯಾರ ಸ್ವತ್ತೂ ಅಲ್ಲ.

22. ಇಡೀ ಭೂಮಿ ಗುಂಡಗೆ ಕಾಣುವ ಪ್ರಸಿದ್ಧ ‘ಬ್ಲೂ ಮಾರ್ಬಲ್’ ಚಿತ್ರವನ್ನು ಅಪೊಲೊ 17ರ ಯಾನಿಗಳು 1972ರ ಡಿಸೆಂಬರ್ 7ರಂದು ತೆಗೆದರು. ನಾಸಾದ ಚಿತ್ರಗಳಿಗೂ ಸಾಮಾನ್ಯವಾಗಿ ಹಕ್ಕುಸ್ವಾಮ್ಯವಿಲ್ಲ. ಆದರೆ ನಾಸಾದ ಲಾಂಛನವನ್ನು ಮನಬಂದಂತೆ ಬಳಸುವಂತಿಲ್ಲ, ಗಗನಯಾನಿಗಳ ಮುಖ ಹಾಕಿ ಸರಕು ಮಾರುವಂತಿಲ್ಲ.

ಓಡುವ ಚಿತ್ರಗಳು

23. ಅಮೆರಿಕದಲ್ಲಿ ಹಕ್ಕು ನೋಂದಣಿಯಾಗಿ ಇಂದಿಗೂ ಉಳಿದಿರುವ ಅತಿ ಹಳೆಯ ಚಲನಚಿತ್ರದ ಕಥೆ ಇಷ್ಟೇ: ಒಬ್ಬ ಮನುಷ್ಯ ನಶ್ಯ ಏರಿಸಿ ಸೀನುತ್ತಾನೆ. 1894ರ ಜನವರಿ, ಎಡಿಸನ್ ಕಾರ್ಯಾಗಾರ, ನಟ ಅಲ್ಲಿನ ಕೆಲಸಗಾರ ಫ್ರೆಡ್ ಆಟ್.

24. ಆ ಸೀನು ಉಳಿದದ್ದು ಕಾನೂನಿನ ಒಂದು ಕೊರತೆಯಿಂದ. 1912ರವರೆಗೆ ಅಮೆರಿಕದ ಕಾಯ್ದೆಯಲ್ಲಿ ಸಿನಿಮಾ ಎಂಬ ಬಾಬತ್ತೇ ಇರಲಿಲ್ಲ. ನಿರ್ಮಾಪಕರು ಪ್ರತಿ ಫ್ರೇಮನ್ನೂ ಕಾಗದದ ಮೇಲೆ ಅಚ್ಚು ಹಾಕಿ ‘ಫೋಟೊ’ ಎಂದು ನೋಂದಾಯಿಸುತ್ತಿದ್ದರು. ಬೇಗ ಹೊತ್ತಿ ಉರಿಯುವ ನೈಟ್ರೇಟ್ ಫಿಲ್ಮುಗಳು ಹಾಳಾದವು, ಕಾಗದದ ಸುರುಳಿಗಳು ಗೋದಾಮಿನಲ್ಲಿ ಬಾಳಿದವು. ಅವುಗಳಿಂದ 3,000ಕ್ಕೂ ಹೆಚ್ಚು ಸಿನಿಮಾಗಳು ಮರುಹುಟ್ಟು ಪಡೆದವು.

25. ಭಾರತದಲ್ಲಿ ಚಿತ್ರೀಕರಿಸಿದ, ಉಳಿದಿರುವ ಅತಿ ಹಳೆಯ ಸಿನಿಮಾ ಎನ್ನಲಾಗುವ 1899ರ ತುಣುಕಿನ ಹೆಸರು ಕಲ್ಕತ್ತೆಯ ವಿಹಂಗಮ ನೋಟ. ತೆರೆಯ ಮೇಲೆ ಕಾಣುವುದು ಕಾಶಿಯ ಘಾಟುಗಳು! ದೋಣಿಯಿಂದ ತೆಗೆದ ಚಿತ್ರದಲ್ಲಿ ಗಂಗೆಯ ಮೆಟ್ಟಿಲು, ಮಿಂದೇಳುವ ಜನ ಎಲ್ಲ ಇದ್ದಾರೆ; ಊರಿನ ಹೆಸರೊಂದೇ ತಪ್ಪು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2017ರಲ್ಲಿ ‘ಇಂಡಿಯಾ ಆನ್ ಫಿಲ್ಮ್’ ಮಾಲೆಯಲ್ಲಿ ಇಂಥ ಅಪರೂಪದ ತುಣುಕುಗಳನ್ನು ಹೊರತಂದಿತು.

26. ಬ್ರಿಟಿಷ್ ವಸಾಹತುಗಳ 6,000ಕ್ಕೂ ಹೆಚ್ಚು ಸಿನಿಮಾಗಳ ವಿವರ ‘ಕಲೋನಿಯಲ್ ಫಿಲ್ಮ್’ ತಾಣದಲ್ಲಿದೆ. ನೋಡಸಿಗುವುದು ಸುಮಾರು 150 ಮಾತ್ರ. ಆದರೂ ಯಾವ ಸಿನಿಮಾ ಯಾವ ಪತ್ರಾಗಾರದಲ್ಲಿದೆ ಎಂಬ ಸುಳಿವು ಸಿಕ್ಕರೆ ಸಂಶೋಧಕರಿಗೆ ಅರ್ಧ ಕೆಲಸ ಆದಂತೆ.

27. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ (1913) ನಾಲ್ಕು ರೀಲುಗಳ ಚಿತ್ರ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ ಉಳಿದಿರುವುದು ಮೊದಲನೆಯದು ಮತ್ತು ಕೊನೆಯದು. ಆ ಆರ್ಕೈವ್ ಹುಟ್ಟಿದ್ದೇ 1964ರಲ್ಲಿ. ಅಷ್ಟರಲ್ಲಿ ಐವತ್ತು ವರ್ಷ ಕಳೆದಿತ್ತು.

28. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರ ಮಾರ್ಚ್ 3ರಂದು. ಪ್ರತಿ ಉಳಿದಿಲ್ಲ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ್ದ 1931ರ ಮೂಕಿ ‘ವಸಂತಸೇನಾ’ದ ಗತಿಯೂ ಅದೇ. ಜಗತ್ತಿನ ಯಾವ ಜಾಲತಾಣ ಜಾಲಾಡಿದರೂ ಇವು ಸಿಗವು.

29. ಈ ನಷ್ಟ ನಮ್ಮೊಬ್ಬರದೇ ಅಲ್ಲ. ಹಾಲಿವುಡ್ಡಿನ ಪೂರ್ಣಪ್ರಮಾಣದ ಮೂಕಿಚಿತ್ರಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಪೂರ್ತಿ ಕಳೆದುಹೋಗಿವೆ ಎಂದು ಲೈಬ್ರರಿ ಆಫ್ ಕಾಂಗ್ರೆಸ್‌ನ 2013ರ ಅಧ್ಯಯನ ಹೇಳಿತು.

30. ಸಿನಿಮಾ ಕಂಪನಿಯೇ ದಾನ ಮಾಡಿದ ಉದಾಹರಣೆಯೂ ಇದೆ. 1929ರಿಂದ 1967ರವರೆಗೆ ಚಿತ್ರಮಂದಿರಗಳಲ್ಲಿ ಓಡಿದ ‘ಯುನಿವರ್ಸಲ್ ನ್ಯೂಸ್‌ರೀಲ್’ ವಾರ್ತಾಚಿತ್ರಗಳನ್ನು ಕಂಪನಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟು ಹಕ್ಕನ್ನೂ ಬಿಟ್ಟಿತು. ಸಾಕ್ಷ್ಯಚಿತ್ರ ಮಾಡುವವರಿಗೆ ಇದು ಚಿನ್ನದ ಗಣಿ.

31. ಬ್ರಿಟಿಷ್ ಪಾಥೆ 2014ರಲ್ಲಿ 85,000 ವಾರ್ತಾಚಿತ್ರಗಳನ್ನು ಯೂಟ್ಯೂಬಿಗೆ ಹಾಕಿತು. 1931ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿಯನ್ನೂ ಅಲ್ಲಿ ನೋಡಬಹುದು. ನೋಡುವುದಕ್ಕೆ ಕಾಸಿಲ್ಲ. ತುಣುಕು ಕತ್ತರಿಸಿ ನಿಮ್ಮ ವಿಡಿಯೊದಲ್ಲಿ ಸೇರಿಸಬೇಕೆಂದರೆ ಲೈಸೆನ್ಸ್ ಕೊಳ್ಳಬೇಕು. ಈ ವ್ಯತ್ಯಾಸ ಮರೆತೇ ಎಷ್ಟೋ ಚಾನೆಲ್‌ಗಳಿಗೆ ‘ಕಾಪಿರೈಟ್ ಸ್ಟ್ರೈಕ್’ ಬೀಳುವುದು.

32. ಹೆಸರು ಬದಲಿಸಿದ್ದಕ್ಕೆ ಹಕ್ಕನ್ನೇ ಕಳೆದುಕೊಂಡ ಸಿನಿಮಾ ಗೊತ್ತೇ? ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968). ಹಕ್ಕುಸ್ವಾಮ್ಯದ ಸಾಲು ಇದ್ದದ್ದು ಹಳೆಯ ಶೀರ್ಷಿಕೆಯ ಕಾರ್ಡಿನಲ್ಲಿ. ವಿತರಕರು ಹೊಸ ಹೆಸರಿನ ಕಾರ್ಡ್ ಹಾಕುವಾಗ ಆ ಸಾಲನ್ನು ಬಿಟ್ಟರು. ಅಂದಿನ ಅಮೆರಿಕದ ಕಾನೂನಿಗೆ ಅಷ್ಟೇ ಸಾಕಾಗಿತ್ತು.

33. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಟೇಪುಗಳು ಇಂದು ಇಲ್ಲ. ಟೇಪಿನ ಅಭಾವವಿದ್ದ ಕಾಲದಲ್ಲಿ ಅವನ್ನು ಅಳಿಸಿ ಮರುಬಳಕೆ ಮಾಡಿರಬೇಕೆಂದು ನಾಸಾ 2009ರಲ್ಲಿ ಹೇಳಿತು. ಈಗ ನಾವು ನೋಡುವುದು ಟಿವಿ ಪ್ರಸಾರದ ಪ್ರತಿಗಳಿಂದ ಹಸನು ಮಾಡಿದ್ದು.

ಹಕ್ಕಿನ ಲೆಕ್ಕ

34. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಮರಣದ ನಂತರ 60 ವರ್ಷ. ಮೊದಲು 50 ಇತ್ತು. ರವೀಂದ್ರನಾಥ ಟ್ಯಾಗೋರರ ಹಕ್ಕು 1991ರ ಕೊನೆಗೆ ಮುಗಿಯುವುದಿತ್ತು; ಅದಕ್ಕಾಗಿಯೇ ಹತ್ತು ವರ್ಷ ಹಿಗ್ಗಿಸಿದರು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರ ಕೃತಿಗಳು ಎಲ್ಲರ ಸ್ವತ್ತಾಗುವುದು 2036ರ ಜನವರಿ 1ಕ್ಕೆ.

35. ಫೋಟೊದ ಲೆಕ್ಕ ಸ್ವಲ್ಪ ಗೋಜಲು. 2012ರ ತಿದ್ದುಪಡಿಯ ಬಳಿಕ ಫೋಟೊಗೂ ಛಾಯಾಗ್ರಾಹಕರ ಜೀವಿತಾವಧಿ ಮತ್ತು ಮೇಲೆ 60 ವರ್ಷ. ಆದರೆ 1957ರ ಕಾಯ್ದೆ ಜಾರಿಯಾಗುವ ಮೊದಲಿನ ಫೋಟೊಗಳಿಗೆ ಸಾಮಾನ್ಯವಾಗಿ ಹಳೆಯ ಲೆಕ್ಕ, ನೆಗೆಟಿವ್ ಆದಂದಿನಿಂದ 50 ವರ್ಷ. ಹಾಗಾಗಿ ಸ್ವಾತಂತ್ರ್ಯಪೂರ್ವದ ಫೋಟೊಗಳನ್ನು ಬಳಸಲು ಹೆಚ್ಚು ಅಂಜಬೇಕಿಲ್ಲ.

36. ಸಿನಿಮಾಗೆ ಬಿಡುಗಡೆಯ ಮರುವರ್ಷದಿಂದ 60 ವರ್ಷ. ರಾಜಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಈ ಗಡುವು ದಾಟಿದೆ. ಅದರೊಳಗಿನ ಸಂಭಾಷಣೆ, ಹಾಡಿನ ಸಾಹಿತ್ಯದ ಹಕ್ಕು ಬೇರೆ. ಅದಕ್ಕೆ ಬರೆದವರ ಆಯಸ್ಸಿನ ಲೆಕ್ಕ.

37. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಮೇಲೆ ತೆಗೆದ ಚಿತ್ರ ಹುಟ್ಟಿದ ಕ್ಷಣದಿಂದಲೇ ಎಲ್ಲರದು. ಭಾರತದಲ್ಲಿ ಹಾಗಲ್ಲ. ಸರ್ಕಾರದ ಕೃತಿಗೂ ಪ್ರಕಟಣೆಯ ನಂತರ 60 ವರ್ಷ ಹಕ್ಕುಸ್ವಾಮ್ಯವಿದೆ.

38. ಹಳೆಯ ಚಿತ್ರಕಲೆಯ ಫೋಟೊ ತೆಗೆದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುತ್ತದೆಯೇ? ಚಪ್ಪಟೆ ಚಿತ್ರವೊಂದರ ಯಥಾವತ್ ನಕಲಿಗೆ ಹಕ್ಕಿಲ್ಲ ಎಂದು ನ್ಯೂಯಾರ್ಕಿನ ನ್ಯಾಯಾಲಯ 1999ರಲ್ಲೇ ಹೇಳಿತು. ಶಿಲ್ಪದ ಫೋಟೊಗೆ ಈ ಮಾತು ಸಲ್ಲದು. ಬೆಳಕು, ಕೋನ ಆರಿಸಿಕೊಂಡವರ ಕೈಚಳಕ ಅದರಲ್ಲಿದೆ.

39. ತಾನೇ ತೆಗೆದ ಫೋಟೊ ಬಳಸಿದ್ದಕ್ಕೆ ದಂಡ ಕಟ್ಟು ಎಂಬ ಪತ್ರ ಬಂದರೆ? ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ಸಾವಿರಾರು ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ, ಆ ಮೂಲಕ ಜನತೆಗೆ ದಾನ ಮಾಡಿದ್ದರು. ಅದರಲ್ಲೊಂದನ್ನು ಸ್ವಂತ ಜಾಲತಾಣದಲ್ಲಿ ಹಾಕಿದ್ದಕ್ಕೆ 120 ಡಾಲರ್ ಕೇಳಿ ಅವರಿಗೇ ಪತ್ರ ಬಂತು! 2016ರಲ್ಲಿ ಅವರು ಕೋರ್ಟಿಗೆ ಹೋದರು. ಹಕ್ಕು ಬಿಟ್ಟುಕೊಟ್ಟಾಗಿದೆ ಎಂಬ ಕಾರಣಕ್ಕೆ ಮುಖ್ಯ ಆರೋಪಗಳು ನಿಲ್ಲಲಿಲ್ಲ. ಎಲ್ಲರ ಸ್ವತ್ತನ್ನು ಯಾರು ಬೇಕಾದರೂ ಮಾರಬಹುದು. ಕಾಸು ಕೊಡುವ ಮುನ್ನ ಮೂಲ ಗ್ರಂಥಾಲಯದಲ್ಲಿ ಅದೇ ಚಿತ್ರ ಇದೆಯೇ ಎಂದು ನೋಡಿಕೊಳ್ಳಬೇಕಾದವರು ನಾವು.

40. ಚಿತ್ರದ ಕೆಳಗಿನ ಸಂಕೇತಗಳು: ‘ಸಿಸಿ ಝೀರೊ’ ಎಂದರೆ ಏನು ಬೇಕಾದರೂ ಮಾಡಿ. ‘ಬಿವೈ’ ಎಂದರೆ ಹೆಸರು ಹಾಕಿ. ‘ಎನ್‌ಸಿ’ ಎಂದರೆ ವ್ಯಾಪಾರಕ್ಕೆ ಬೇಡ. ‘ಎನ್‌ಡಿ’ ಎಂದರೆ ಕತ್ತರಿಸಿ ತಿದ್ದಬೇಡಿ. ‘ಎಸ್‌ಎ’ ಎಂದರೆ ತಿದ್ದಿದ್ದನ್ನು ಅದೇ ಷರತ್ತಿನಲ್ಲಿ ಹಂಚಿ. ಏನೂ ಬರೆದಿಲ್ಲವೇ? ಹಕ್ಕು ಕಾದಿರಿಸಲಾಗಿದೆ ಎಂದೇ ತಿಳಿಯಿರಿ.

ಹುಡುಕುವ ಬಗೆ

41. ಇಂದಿನ ಊರಿನ ಹೆಸರು ಹಾಕಿ ಹುಡುಕಿದರೆ ಅರ್ಧ ಸಂಗ್ರಹ ಕಣ್ತಪ್ಪುತ್ತದೆ. ದಾಖಲೆ ಬರೆದವರು ಇಂಗ್ಲಿಷರು. ಶ್ರೀರಂಗಪಟ್ಟಣ ಅಲ್ಲಿ ‘ಸೆರಿಂಗಪಟಂ’, ಮಡಿಕೇರಿ ‘ಮರ್ಕಾರಾ’, ಕೊಡಗು ‘ಕೂರ್ಗ್’, ಧಾರವಾಡ ‘ಧಾರ್ವಾರ್’, ಕರಾವಳಿ ‘ಕೆನರಾ’, ಹಳೇಬೀಡು ‘ಹಲ್ಲಿಬೀಡ್’. ಬಿಜಾಪುರದ ಸ್ಪೆಲಿಂಗಿನಲ್ಲಿ ಎರಡು ‘ಇ’, ಎರಡು ‘ಒ’ ಹಾಕಿ ನೋಡಿ. 1866ರ ಪುಸ್ತಕ ಬಂದಿರುವುದು ಆ ಹೆಸರಿನಲ್ಲೇ. ಊರು ಸಿಗದಿದ್ದರೆ ‘ಮದ್ರಾಸ್ ಪ್ರೆಸಿಡೆನ್ಸಿ’, ‘ಬಾಂಬೆ ಪ್ರೆಸಿಡೆನ್ಸಿ’, ‘ಮೈಸೂರು ಸ್ಟೇಟ್’ ಎಂದು ಜರಡಿ ಹಿಡಿಯಿರಿ.

42. ಹತ್ತಾರು ಸಂಗ್ರಹಗಳನ್ನು ಒಟ್ಟಿಗೆ ಜಾಲಾಡಲು ‘ಓಪನ್‌ವರ್ಸ್’ ಇದೆ. ಗೂಗಲ್ ಚಿತ್ರಗಳಲ್ಲೂ ಟೂಲ್ಸ್ ಒತ್ತಿ, ಬಳಕೆಯ ಹಕ್ಕು ಎಂಬಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಿಸಬಹುದು. 2004ರಲ್ಲಿ ಶುರುವಾದ ವಿಕಿಮೀಡಿಯ ಕಾಮನ್ಸ್‌ನಲ್ಲಂತೂ ಹತ್ತು ಕೋಟಿಗೂ ಹೆಚ್ಚು ಕಡತಗಳಿವೆ, ಪ್ರತಿಯೊಂದರ ಕೆಳಗೂ ಹಕ್ಕಿನ ವಿವರವಿದೆ.

43. ಎ4 ಪುಟ ತುಂಬ ಚೆನ್ನಾಗಿ ಅಚ್ಚಾಗಲು ಚಿತ್ರ ಸುಮಾರು 2,480 × 3,508 ಪಿಕ್ಸೆಲ್ ಇರಬೇಕು. ತೆರೆಯ ಮೇಲೆ ಕಂಡದ್ದನ್ನು ಸ್ಕ್ರೀನ್‌ಶಾಟ್ ಹೊಡೆದರೆ ಸಾಲದು. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ‘ಟಿಫ್’ ಎಂಬ ದೊಡ್ಡ ಕಡತ ಇಳಿಸಿಕೊಳ್ಳಿ. ಬರೀ ಉಗುರಿನಷ್ಟು ಚಿತ್ರ ತೋರಿಸಿ ಮುಂದಕ್ಕೆ ಬಿಡದಿದ್ದರೆ, ಅದರ ಹಕ್ಕು ಇನ್ನೂ ಜೀವಂತ ಇರಬಹುದೆಂಬ ಸೂಚನೆ.

44. 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ನಿಂತವು. ಫ್ಲಿಕರ್, ಕಾಮನ್ಸ್‌ಗೆ ಮೊದಲೇ ಹೋಗಿದ್ದ ಅವರ ಚಿತ್ರಗಳಿಗೆ ಏನೂ ಆಗಲಿಲ್ಲ. ಹಂಚಿಟ್ಟದ್ದು ಉಳಿಯಿತು. ನೀವೂ ಅಷ್ಟೆ: ಕೊಂಡಿಯನ್ನಷ್ಟೇ ಬರೆದಿಡಬೇಡಿ, ಕಡತವನ್ನೂ ಅದರ ದಾಖಲೆ ಸಂಖ್ಯೆಯನ್ನೂ ಇಳಿಸಿಟ್ಟುಕೊಳ್ಳಿ.

45. ‘ಟಿಪ್ಪು ಸುಲ್ತಾನನ ಅಸಲಿ ಫೋಟೊ’ ನಿಮ್ಮ ಫೋನಿಗೂ ಬಂದಿರಬಹುದು. ಆ ಗಡ್ಡದ ಮನುಷ್ಯ ಜಾಂಜಿಬಾರಿನ ಗುಲಾಮರ ವ್ಯಾಪಾರಿ ಟಿಪ್ಪು ಟಿಪ್, ತೀರಿಕೊಂಡದ್ದು 1905ರಲ್ಲಿ. ನಮ್ಮ ಟಿಪ್ಪು ಮಡಿದದ್ದು 1799ರ ಮೇ 4ರಂದು. ಮೊದಲ ಕಲಂ ಮತ್ತೊಮ್ಮೆ ನೋಡಿ: ಫೋಟೊ ಲೋಕಕ್ಕೆ ಸಿಕ್ಕಿದ್ದು 1839ರಲ್ಲಿ. ಕಿತ್ತೂರು ಚೆನ್ನಮ್ಮ 1829ರಲ್ಲಿ, ಸಂಗೊಳ್ಳಿ ರಾಯಣ್ಣ 1831ರಲ್ಲಿ ಇಲ್ಲವಾದರು. ಇವರ ‘ಒರಿಜಿನಲ್ ಫೋಟೊ’ ಯಾರೇ ಕಳಿಸಲಿ, ತೆರೆದು ನೋಡದೆಯೇ ಸುಳ್ಳು ಎನ್ನಬಹುದು. ಉಳಿದ ಅನುಮಾನಗಳಿಗೆ ಗೂಗಲ್ ಲೆನ್ಸ್, ಟಿನ್‌ಐ ಇವೆ. ಟಿನ್‌ಐನಲ್ಲಿ ‘ಅತಿ ಹಳೆಯದು’ ಎಂದು ವಿಂಗಡಿಸಿದರೆ ಆ ಚಿತ್ರ ಅದರ ಕಣ್ಣಿಗೆ ಮೊದಲು ಬಿದ್ದದ್ದು ಎಲ್ಲಿ ಎಂದು ತಿಳಿಯುತ್ತದೆ.

46. ಸಂಸ್ಥೆಗಳ ವಿವರಣೆಯೂ ವೇದವಾಕ್ಯವಲ್ಲ. ಜರ್ಮನಿಯ ರಾಷ್ಟ್ರೀಯ ಪತ್ರಾಗಾರ 2008ರಲ್ಲಿ ಹತ್ತಿರ ಹತ್ತಿರ ಲಕ್ಷ ಚಿತ್ರಗಳನ್ನು ಕಾಮನ್ಸ್‌ಗೆ ಕೊಟ್ಟಾಗ, ಸ್ವಯಂಸೇವಕರು ಅಡಿಬರಹಗಳ ತಪ್ಪುಗಳನ್ನು ಪಟ್ಟಿ ಮಾಡಿ ವಾಪಸ್ ಕಳಿಸಿದರು. ನಿಮ್ಮೂರಿನ ಗುಡಿಯನ್ನು ಯಾವುದೋ ಮ್ಯೂಸಿಯಂ ಬೇರೆ ಊರಿನದೆಂದು ಬರೆದಿದ್ದರೆ ಒಂದು ಇಮೇಲ್ ಹಾಕಿ.

47. ಕೊನೆಯದು ನಿಮ್ಮ ಮನೆಯ ಟ್ರಂಕಿಗೆ ಸಂಬಂಧಿಸಿದ್ದು. ಅಜ್ಜ-ಅಜ್ಜಿ ಸ್ಟುಡಿಯೊಗೆ ಹೋಗಿ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು ಯಾರದು? ಸ್ಟುಡಿಯೊದವರದು ಎಂದೇ ಹೆಚ್ಚಿನವರ ನಂಬಿಕೆ. ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಹಕ್ಕುದಾರರು ಎನ್ನುತ್ತದೆ ಭಾರತದ ಕಾಯ್ದೆಯ 17ನೇ ಕಲಂ. ಅಂದರೆ ಅದು ಮನೆಯವರದೇ. ಹಿಂಬದಿಯ ಬರಹವನ್ನೂ ಸೇರಿಸಿ ಸ್ಕ್ಯಾನ್ ಮಾಡಿ, ಊರು, ವರ್ಷ, ನಿಂತವರ ಹೆಸರು ಬರೆದು, ಮನೆಮಂದಿ ಒಪ್ಪಿದರೆ ಕಾಮನ್ಸ್‌ಗೆ ಏರಿಸಿ. ಫೋಟೊದಲ್ಲಿ ಇರುವವರು ಯಾರೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಆ ಕೆಲಸಕ್ಕೆ ಇದೇ ಭಾನುವಾರ ಒಳ್ಳೆಯದು.